ಗಣಿಗೆ ಹೋದವನ ಮಡದಿ

ಬೂದಿಕೋಟೆಯೆಂದೊಡನೆ ನಮ್ಮವರು ಹೇಳುವುದು ಹೈದರಾಲಿ ಹುಟ್ಟಿದ ಊರೆಂಬ ಒಂದೇ ಮಾತನ್ನು. ಆ ಊರಿನಿಂದ ಬಂಗಾರಪೇಟೆಗೂ ಅಲ್ಲಿಂದ ಚಿನ್ನದ ಗಣಿಗಳಿಗೂ ಇರುವ ದಾರಿ ದೂರದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಇಪ್ಪತ್ತು ವರ್ಷಗಳಲ್ಲಿ ಈ ಸೀಮೆಗೂ, ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿ ಸಮುದ್ರಕ್ಕೆ ಚಾಚಿಕೊಂಡಿರುವ ಕಾರ್ನ್‌ವಾಲ್ ಎಂಬ ಸೀಮೆಗೂ ಒಂದು ಬಗೆಯ ಬೀಗತನ ಬೆಳೆಯಿತು. ಗಂಡ ಇಲ್ಲಿ, ಹೆಂಡತಿ ಅಲ್ಲಿ. ನಡುವೆ ವಾರಗಟ್ಟಲೆಯ ಹಡಗಿನ ಹಾದಿ.

ಗಣಿ ಪ್ರದೇಶದ ಹಳೆಯ ಸ್ಮಶಾನದಲ್ಲಿ ಇಂಗ್ಲಿಷ್ ಅಕ್ಷರಗಳ ಕಲ್ಲುಗಳಿವೆ. ಅಲ್ಲಿ ಮಲಗಿದವರ ವಿಷಯವನ್ನು ಬಲ್ಲವರು ಬರೆದಿದ್ದಾರೆ. ಇಲ್ಲಿಗೆ ಎಂದೂ ಕಾಲಿಡದೆ, ಇಲ್ಲಿಯ ಸಂಬಳದಿಂದಲೇ ಒಲೆ ಹೊತ್ತಿಸಿದ ಹೆಂಗಸರ ಸಂಸಾರವನ್ನು ಹುಡುಕುವ ಬಗೆ ಹೇಗೆಂಬುದು ಈ ತಿಂಗಳ ವಿಚಾರ. ಮನೆಯ ವಂಶಾವಳಿ ಬರೆಸಬೇಕೆಂಬ ಆಸೆ ಈಚೆಗೆ ಅನೇಕ ಕುಟುಂಬಗಳಲ್ಲಿ ಮೂಡಿದೆ. ಬರೆಯತೊಡಗಿದೊಡನೆ, ಗಂಡನ ಮನೆ ಬಿಟ್ಟು ಬಂದ ಮುತ್ತಜ್ಜಿಯ ಹೆಸರು ಅದರಲ್ಲಿ ಬೇಕೇ ಎಂಬ ತಕರಾರೂ ಏಳುತ್ತದೆ. ಆ ತಕರಾರಿಗೆ ಈ ಪರದೇಶದ ಹೆಂಗಸರ ಕಥೆ ಬಹಳ ಹತ್ತಿರದ್ದು.

ಕಾರ್ನ್‌ವಾಲ್ ತಾಮ್ರ ಮತ್ತು ತವರದ ನಾಡು. 1866ರಲ್ಲಿ ತಾಮ್ರದ ಬೆಲೆ ಕುಸಿದು ಗಣಿಗಳು ಒಂದೊಂದಾಗಿ ಮುಚ್ಚತೊಡಗಿದವು. ಮುಂದಿನ ದಶಕದಲ್ಲಿ ತವರಕ್ಕೂ ಅದೇ ಗತಿಯಾಯಿತು. ಭೂಮಿಯನ್ನು ಕೊರೆಯುವುದೊಂದನ್ನೇ ಕಲಿತಿದ್ದ ಗಂಡಸರು ಆಸ್ಟ್ರೇಲಿಯಾ, ಅಮೆರಿಕ, ದಕ್ಷಿಣ ಆಫ್ರಿಕಗಳಿಗೆ ಗುಳೆ ಹೊರಟರು. 1880ರಲ್ಲಿ ಮೈಸೂರ್ ಗೋಲ್ಡ್ ಮೈನಿಂಗ್ ಕಂಪನಿ ಹುಟ್ಟಿ, ಅದರ ಆಡಳಿತ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಕೈಸೇರಿದ ಮೇಲೆ ಕೋಲಾರವೂ ಆ ಪಟ್ಟಿಗೆ ಸೇರಿತು. ಹಾಕಿದ ಬಂಡವಾಳ ಕರಗಿ ಬಾಗಿಲು ಮುಚ್ಚುವ ಹಂತಕ್ಕೆ ಬಂದಿದ್ದ ಕಂಪನಿಯನ್ನು ಉಳಿಸಿದವನು ಚಾಂಪಿಯನ್ ಅದಿರಿನ ಎಳೆಯನ್ನು ಪತ್ತೆಹಚ್ಚಿದ ಕ್ಯಾಪ್ಟನ್ ಪ್ಲಮ್ಮರ್. ಕ್ಯಾಪ್ಟನ್ ಎಂದರೆ ದಂಡಿನವನೆಂದು ಭಾವಿಸಬೇಕಾಗಿಲ್ಲ. ಗಣಿಯ ಮೇಲಾಳನ್ನು ಹಾಗೆ ಕರೆಯುವುದು ಕಾರ್ನ್‌ವಾಲಿನ ವಾಡಿಕೆ. ಬೌರಿಂಗ್‌ಪೇಟೆಯೆಂದು ಆಗ ಕರೆಸಿಕೊಳ್ಳುತ್ತಿದ್ದ ಬಂಗಾರಪೇಟೆಯಿಂದ ಗಣಿಗಳಿಗೆ 1894ರಲ್ಲಿ ರೈಲುಹಾದಿಯೂ ಆಯಿತು. ಮೇಲಧಿಕಾರಿಗಳು ಸಂಸಾರವನ್ನು ಕರೆತಂದು ಬಂಗಲೆಗಳಲ್ಲಿ ನೆಲೆಸಿದರು. ಕರಾರಿನ ಮೇಲೆ ಬಂದ ಸಾಮಾನ್ಯ ಗಣಿಗಾರನಿಗೆ ಆ ಅನುಕೂಲ ಯಾವಾಗಲೂ ಇರುತ್ತಿರಲಿಲ್ಲ.

ಊರಿನಲ್ಲುಳಿದ ಹೆಂಡತಿ ಕೂಲಿಯ ಕಷ್ಟ ಅರಿಯದವಳಲ್ಲ. ಕಾರ್ನ್‌ವಾಲಿನ ಬಡ ಹೆಣ್ಣುಮಕ್ಕಳು ಹತ್ತು ಹನ್ನೆರಡು ವರ್ಷಕ್ಕೇ ಗಣಿಯ ಬಾಯಿಯ ಬಳಿ ಕೆಲಸಕ್ಕೆ ನಿಲ್ಲುತ್ತಿದ್ದರು. ಕೆಳಗಿಳಿಯುವುದು ಗಂಡಸರ ಕೆಲಸ. ಮೇಲೆ ಬಂದ ಅದಿರನ್ನು ಸುತ್ತಿಗೆಯಿಂದ ಕುಟ್ಟಿ, ಆರಿಸಿ, ತೊಳೆಯುವುದು ಇವರ ಕೆಲಸ. ಇವರಿಗೆ ಬಾಲ್ ಮೇಡನ್ ಎಂದು ಹೆಸರು. ಬಾಲ್ ಎಂದರೆ ಅಲ್ಲಿಯ ಹಳೆಯ ನುಡಿಯಲ್ಲಿ ಗಣಿ. ಬಿಸಿಲು ದೂಳುಗಳಿಂದ ಮುಖವನ್ನು ಕಾಪಾಡಲು ಅವರು ತೊಡುತ್ತಿದ್ದ ಬಿಳಿಯ ಅಗಲ ಕುಲಾವಿ ಹಳೆಯ ಛಾಯಾಚಿತ್ರಗಳಲ್ಲಿ ಕಾಣುತ್ತದೆ. ಮದುವೆಯಾದ ಮೇಲೆ ಸಾಮಾನ್ಯವಾಗಿ ಆ ಕೆಲಸ ನಿಲ್ಲುತ್ತಿತ್ತು. ಗಂಡ ಹಡಗು ಹತ್ತಿದರೆ ಅವನ ಸಂಬಳದ ಒಂದು ಭಾಗ ಅವಳಿಗೆ ಬರಬೇಕು. ಕೆಲವು ಕಂಪನಿಗಳು ಇಲ್ಲಿಯೇ ಅದನ್ನು ಹಿಡಿದುಕೊಂಡು ಅಲ್ಲಿ ಹೆಂಡತಿಯ ಕೈಗೆ ಕೊಡುವ ಏರ್ಪಾಡು ಮಾಡಿದ್ದವು. ಉಳಿದೆಡೆ ಎಲ್ಲವೂ ಗಂಡನ ಮನಸ್ಸಿಗೆ, ಅಂಚೆಯ ಕೃಪೆಗೆ ಬಿಟ್ಟದ್ದು.

ಪತಿ ದೂರದೇಶಕ್ಕೆ ಹೋಗಿರುವ ನಾಯಿಕೆಯನ್ನು ನಮ್ಮ ಆಲಂಕಾರಿಕರು ಪ್ರೋಷಿತಪತಿಕೆಯೆಂದು ಕರೆದು ಅಷ್ಟನಾಯಿಕೆಯರಲ್ಲಿ ಒಬ್ಬಳನ್ನಾಗಿ ಎಣಿಸಿದ್ದಾರೆ. ಅವಳ ವಿರಹ, ಕೃಶವಾದ ದೇಹ, ಜಾರುವ ಬಳೆ ಎಲ್ಲವನ್ನೂ ಕವಿಗಳು ಬಣ್ಣಿಸಿದ್ದಾರೆ. ಅಂಗಡಿಯವನ ಬಾಕಿಯನ್ನು ಅವಳು ಹೇಗೆ ತೀರಿಸಿದಳೆಂಬುದನ್ನು ಮಾತ್ರ ಯಾರೂ ಕೇಳಿದಂತಿಲ್ಲ. ಧರ್ಮಶಾಸ್ತ್ರಕಾರರು ಈ ವಿಷಯದಲ್ಲಿ ಕವಿಗಳಿಗಿಂತ ವ್ಯವಹಾರಜ್ಞರು. ಕಾರ್ಯನಿಮಿತ್ತ ಹೊರಡುವವನು ಮಡದಿಯ ಜೀವನಕ್ಕೆ ಏರ್ಪಾಡು ಮಾಡಿಯೇ ಹೊರಡಬೇಕೆಂದೂ, ಮಾಡದೆ ಹೋದರೆ ಅವಳು ನಿಂದ್ಯವಲ್ಲದ ಕೈಕೆಲಸದಿಂದ ಬಾಳಬಹುದೆಂದೂ ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿದೆ. ಧರ್ಮಕಾರ್ಯಕ್ಕೆ ಹೋದವನಿಗೆ ಎಂಟು ವರ್ಷ, ವಿದ್ಯೆಗೋ ಕೀರ್ತಿಗೋ ಹೋದವನಿಗೆ ಆರು, ಕಾಮಕ್ಕಾಗಿ ಹೋದವನಿಗೆ ಮೂರು ವರ್ಷ ಕಾಯಬೇಕೆಂಬ ಲೆಕ್ಕವೂ ಅಲ್ಲಿದೆ. ಕಾದ ಮೇಲೆ ಏನು ಮಾಡಬೇಕೆಂಬುದನ್ನು ಆ ಶ್ಲೋಕ ಹೇಳುವುದಿಲ್ಲ. ವ್ಯಾಖ್ಯಾನಕಾರರ ಜಗಳ ಅಲ್ಲಿಂದಲೇ ಆರಂಭ. ಕೂಲಿಗೆ ಹೋದವನು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಇನ್ನು ಹುಡುಕುವ ಬಗೆ. ಇಂಗ್ಲೆಂಡಿನಲ್ಲಿ ಹುಟ್ಟು, ಮದುವೆ, ಸಾವುಗಳ ಸರಕಾರಿ ದಾಖಲೆ 1837ರಲ್ಲಿ, ಅಂದರೆ ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದ ವರ್ಷವೇ, ಆರಂಭವಾಯಿತು. ಮದುವೆಯ ದಾಖಲೆಯಲ್ಲಿ ವಧುವಿನ ತಂದೆಯ ಹೆಸರು, ಅವನ ಕಸುಬುಗಳಿಗೆ ಸ್ಥಳವಿತ್ತು. ತಾಯಿಯ ಹೆಸರಿಗೆ ಇರಲಿಲ್ಲ. ತಾಯಂದಿರ ಹೆಸರು ಆ ದಾಖಲೆಗೆ ಸೇರಿದ್ದು 2021ರ ಮೇ ತಿಂಗಳಲ್ಲಿ ಎಂದರೆ ಓದುಗರು ನಂಬಲಿಕ್ಕಿಲ್ಲ. ವಧು ರುಜು ಹಾಕಿದ್ದಾಳೋ ಅಡ್ಡಗೆರೆಯ ಗುರುತು ಹಾಕಿದ್ದಾಳೋ ಎಂಬುದರಿಂದ ಅವಳಿಗೆ ಬರೆಹ ಬರುತ್ತಿತ್ತೇ ಎಂಬುದು ತಿಳಿಯುತ್ತದೆ. ಮಗುವಿನ ಜನನ ಪತ್ರದಲ್ಲಿ ತಾಯಿಯ ತವರಿನ ಮನೆತನದ ಹೆಸರಿರುತ್ತದೆ. ಕಳೆದುಹೋದ ಹೆಣ್ಣಿನ ಜಾಡು ಸಿಕ್ಕುವುದು ಬಹುಮಟ್ಟಿಗೆ ಅಲ್ಲಿಯೇ.

ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿಯ ಹಾಳೆಗಳು ಅದಕ್ಕಿಂತಲೂ ವಾಚಾಳಿಗಳು. ಮನೆಯ ಯಜಮಾನನೊಡನೆ ಪ್ರತಿಯೊಬ್ಬರಿಗಿರುವ ಸಂಬಂಧವನ್ನು 1851ರಿಂದ ಬರೆದಿದ್ದಾರೆ. ಗಣಿಗಾರನ ಹೆಂಡತಿಯೆಂದು ಬರೆದಿದ್ದು ಗಂಡನ ಹೆಸರೇ ಆ ಮನೆಯಲ್ಲಿ ಇಲ್ಲದಿದ್ದರೆ ಅವನು ಸಮುದ್ರದಾಚೆ ಇರಬಹುದು. ಮಕ್ಕಳ ವಯಸ್ಸನ್ನು ಸಾಲಾಗಿ ಬರೆದುಕೊಂಡು ನೋಡಿದರೆ ಮತ್ತೊಂದು ಸಂಗತಿ ಹೊಳೆಯುತ್ತದೆ: ಎರಡು ವರ್ಷಕ್ಕೊಂದರಂತೆ ಹುಟ್ಟಿದ ಮಕ್ಕಳ ನಡುವೆ ಥಟ್ಟನೆ ಐದಾರು ವರ್ಷದ ಅಂತರ, ಆಮೇಲೆ ಒಂದು ಮಗು, ಮತ್ತೆ ಅಂತರ. ಗಂಡ ಹೋದದ್ದು, ಬಿಡುವಿಗೆ ಬಂದದ್ದು, ಮರಳಿ ಹೋದದ್ದು ಎಲ್ಲವೂ ಮಕ್ಕಳ ವಯಸ್ಸಿನಲ್ಲಿ ಬರೆದಿಟ್ಟಂತಿರುತ್ತದೆ. ಅದೇ ಹಾಳೆಯಲ್ಲಿ ಮನೆಯ ಬಾಡಿಗೆ ವಾಸಿಯೆಂದು ಒಬ್ಬ ಗಂಡಸಿನ ಹೆಸರಿದ್ದರೆ ಅವಸರದ ಸಂಶೋಧಕನು ಮೂಗು ಮುರಿಯುತ್ತಾನೆ. ಒಂದು ಕೋಣೆಯನ್ನು ಬಾಡಿಗೆಗೆ ಕೊಡುವುದು, ಬಟ್ಟೆ ಒಗೆಯುವುದು, ಹೊಲಿಗೆ ಇವಿಷ್ಟೇ ಅಂಥ ಹೆಂಗಸಿಗೆ ತೆರೆದಿದ್ದ ದಾರಿಗಳೆಂಬುದನ್ನು ಅವನು ಮೊದಲು ತಿಳಿಯಬೇಕು.

ಸುಖವಾಗಿ ನಡೆದ ಬಡವರ ಸಂಸಾರದ ಬಗ್ಗೆ ಇಷ್ಟಕ್ಕಿಂತ ಹೆಚ್ಚಿನ ಕಾಗದ ಸಿಕ್ಕುವುದಿಲ್ಲ. ಸಂಸಾರ ಮುರಿದಾಗ ಮಾತ್ರ ಕಾಗದಗಳು ರಾಶಿಯಾಗುತ್ತವೆ. ಕೋಲಾರದ ಹಣ ನಿಂತುಹೋದ ಹೆಂಗಸು ಮೊದಲು ಹೋಗುತ್ತಿದ್ದುದು ಬಡವರ ಪೋಷಣೆಯ ಮಂಡಲಿಯ ಬಳಿಗೆ. ಗಂಡ ಸಮುದ್ರದಾಚೆ ಇದ್ದರೆ ಅವಳನ್ನು ವಿಧವೆಯೆಂದೇ ಭಾವಿಸಿ ನೆರವು ಕೊಡಬೇಕೆಂದು 1844ರ ಕಾಯಿದೆ ಹೇಳಿತ್ತು. ಮುತ್ತೈದೆಯಾಗಿದ್ದೂ ಸರಕಾರದ ಪುಸ್ತಕದಲ್ಲಿ ವಿಧವೆ! ಹೆಂಡತಿ ಮಕ್ಕಳನ್ನು ತೊರೆದ ಗಂಡಸರ ಚಹರೆಗಳನ್ನು ಅಚ್ಚು ಹಾಕುವುದಕ್ಕೆಂದೇ 1857ರಿಂದ ಅಲ್ಲಿ ಒಂದು ಪತ್ರಿಕೆ ಹೊರಡುತ್ತಿತ್ತು. ತೊರೆದ ಗಂಡ ವಾರಕ್ಕೆ ಎರಡು ಪೌಂಡಿನವರೆಗೆ ಜೀವನಾಂಶ ಕೊಡಬೇಕೆಂದು ಆಜ್ಞೆ ಮಾಡುವ ಅಧಿಕಾರ 1886ರಲ್ಲಿ ಸ್ಥಳೀಯ ಮ್ಯಾಜಿಸ್ಟ್ರೇಟರಿಗೆ ದೊರೆಯಿತು. ನಿರಂತರ ಕ್ರೌರ್ಯವೂ ಬೇರೆಯಾಗಿರಲು ಕಾರಣವೆಂದು 1895ರಲ್ಲಿ ಒಪ್ಪಿದರು. ರೆಡ್‌ರೂತ್ ಪಟ್ಟಣದ ನ್ಯಾಯಾಲಯದ ಆಜ್ಞೆ ಮೈಸೂರು ಮಹಾರಾಜರ ಸಂಸ್ಥಾನದಲ್ಲಿರುವ ಗಣಿಗಾರನಿಗೆ ಏನು ಮಾಡೀತು? ಇಂಥ ಆಜ್ಞೆಗಳನ್ನು ಸಾಮ್ರಾಜ್ಯದ ಬೇರೆ ಭಾಗಗಳಲ್ಲಿ ಜಾರಿ ಮಾಡುವ ಕಾಯಿದೆಯೇ 1920ರವರೆಗೆ ಬರಲಿಲ್ಲ.

ವಿಚ್ಛೇದನದ ಮಾತಂತೂ ಬೇಡವೇ ಬೇಡ. 1857ರ ಕಾಯಿದೆಯಂತೆ ಹೆಂಡತಿಯ ವ್ಯಭಿಚಾರವೊಂದೇ ಗಂಡನಿಗೆ ಸಾಕು; ಹೆಂಡತಿಯಾದರೋ ಗಂಡನ ವ್ಯಭಿಚಾರದ ಜೊತೆಗೆ ಅವನ ಕ್ರೌರ್ಯವನ್ನೋ, ಎರಡು ವರ್ಷದ ತ್ಯಾಗವನ್ನೋ ರುಜುವಾತು ಪಡಿಸಬೇಕು. ಈ ಭೇದ ಅಳಿದದ್ದು 1923ರಲ್ಲಿ. ಲಂಡನ್ನಿನ ನ್ಯಾಯಾಲಯಕ್ಕೆ ಹೋಗುವ ಖರ್ಚು ಬಟ್ಟೆ ಒಗೆಯುವವಳಿಗೆ ಎಲ್ಲಿಂದ ಬರಬೇಕು? ಹೀಗಾಗಿ ಬಡವರಲ್ಲಿ ಒಂದು ನಂಬಿಕೆ ಬೇರೂರಿತು: ಏಳು ವರ್ಷ ಸುದ್ದಿಯಿಲ್ಲದಿದ್ದರೆ ಮತ್ತೊಬ್ಬನನ್ನು ಮದುವೆಯಾಗಬಹುದು. ಏಳು ವರ್ಷ ಕಣ್ಮರೆಯಾಗಿ, ಬದುಕಿರುವ ಸುದ್ದಿ ತಿಳಿಯದಿದ್ದರೆ ಅವಳನ್ನು ದ್ವಿಪತಿತ್ವದ ಅಪರಾಧಕ್ಕೆ ಶಿಕ್ಷಿಸಬಾರದೆಂದು 1861ರ ಕಾಯಿದೆ ಹೇಳಿತ್ತು, ನಿಜ. ಮೊದಲಿನವನು ಜೀವಂತನಾಗಿ ಬಂದರೆ ಎರಡನೆಯ ಮದುವೆ ಮದುವೆಯೇ ಅಲ್ಲವೆಂಬುದೂ ಅಷ್ಟೇ ನಿಜ. ಎರಡನೆಯ ಮದುವೆಯ ದಾಖಲೆಯಲ್ಲಿ ವಿಧವೆಯೆಂದು ಬರೆಸಿಕೊಂಡ ಅನೇಕರ ಮೊದಲ ಗಂಡಂದಿರ ಮರಣಪತ್ರವನ್ನು ಹುಡುಕಿ ಸೋತ ಮೊಮ್ಮಕ್ಕಳು ಇಂದಿಗೂ ಇದ್ದಾರೆ.

ಎಲ್ಲ ಗಂಡಂದಿರನ್ನೂ ದ್ರೋಹಿಗಳೆಂದು ಭಾವಿಸಿದರೆ ಅದೂ ಅನ್ಯಾಯವಾದೀತು. ಬಂಡೆ ಸಿಡಿದು, ದೂಳು ಎದೆಗೆ ಸೇರಿ, ಜ್ವರ ಬಂದು ಸತ್ತವರ ಹಣವೂ ನಿಲ್ಲುತ್ತದೆ. ಆ ಸುದ್ದಿ ಮುಟ್ಟುವುದರೊಳಗೆ ಊರಿನವರು ಅವನನ್ನು ಬಿಟ್ಟುಹೋದವನೆಂದು ತೀರ್ಮಾನಿಸಿರುತ್ತಾರೆ. ಇಂಡಿಯಾದಲ್ಲಿ ಸತ್ತ ಬ್ರಿಟಿಷರ ಶವಸಂಸ್ಕಾರದ ಲೆಕ್ಕವನ್ನು ಪಾದ್ರಿಗಳು ಲಂಡನ್ನಿಗೆ ಕಳುಹಿಸುತ್ತಿದ್ದರು. ಆ ಕಡತಗಳು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅದನ್ನು ನೋಡದೆ ಯಾರನ್ನೂ ದೂರುವುದು ತರವಲ್ಲ. ಮತ್ತೆ ಕೆಲವು ಮನೆಗಳಲ್ಲಿ ಗಂಡ ಕರೆದರೂ ಹೆಂಡತಿಯೇ ಬರಲೊಪ್ಪಲಿಲ್ಲ: ಮುದಿ ತಾಯಿ, ಎಳೆಯ ಮಕ್ಕಳು, ಇಲ್ಲಿಯ ಬೇನೆಗಳ ಭಯ. ಲೆಸ್ಲಿ ಟ್ರಾಟರ್ ಎಂಬ ವಿದುಷಿ ಇಂಥ ಕಾರ್ನ್‌ವಾಲ್ ಹೆಂಗಸರ ವಿಷಯವಾಗಿಯೇ 2018ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದ್ದಾರೆ. ಇವರೆಲ್ಲ ಕೈಲಾಗದ ಪರಿತ್ಯಕ್ತೆಯರೆಂಬ ಹಳೆಯ ಚಿತ್ರವನ್ನು ಅದು ತಿದ್ದುತ್ತದೆ. ಹಣವನ್ನು ಲೆಕ್ಕವಿಟ್ಟು, ಸಾಲ ಮಾಡಿ ತೀರಿಸಿ, ಮಕ್ಕಳನ್ನು ಕಸುಬಿಗೆ ಹಾಕಿದ ಯಜಮಾನಿಯರು ಅವರಲ್ಲಿ ಬಹಳ ಮಂದಿ.

ಇತ್ತ ನಮ್ಮ ಕಡೆ ನೋಡೋಣ. ಅದೇ ವರ್ಷಗಳಲ್ಲಿ ಉತ್ತರ ಆರ್ಕಾಟಿನಿಂದ, ಚಿತ್ತೂರು ಸೀಮೆಯಿಂದ ಗಣಿಗೆ ಬಂದ ಕೂಲಿಗಳ ಹೆಂಡಿರೂ ಬೂದಿಕೋಟೆಯ ಸುತ್ತಿನ ಹಳ್ಳಿಗಳ ಹೆಣ್ಣುಮಕ್ಕಳೂ ಸಂಸಾರ ಮಾಡಿದರು. ಅವರ ಸಂಸಾರಗಳೂ ಕೆಲವು ಮುರಿದವು. ಮೈಸೂರು ಸಂಸ್ಥಾನದಲ್ಲಿಯೂ ಜನಗಣತಿ ನಡೆಯಿತು. ಎಣಿಕೆಯ ಮೊತ್ತ ಅಚ್ಚಾಗಿ ಉಳಿಯಿತು, ಮನೆಮನೆಯ ಹಾಳೆಗಳು ಉಳಿಯಲಿಲ್ಲ. ಎಂಟು ವರ್ಷದೊಳಗಿನ ಹುಡುಗಿಯ ಮದುವೆಯನ್ನೂ, ಐವತ್ತು ದಾಟಿದವನು ಹದಿನಾಲ್ಕರೊಳಗಿನವಳನ್ನು ವರಿಸುವುದನ್ನೂ ಸಂಸ್ಥಾನವು 1894ರಲ್ಲಿಯೇ ನಿಷೇಧಿಸಿದ್ದು ನಮ್ಮ ಹೆಮ್ಮೆ. ಅಂಥ ನಿಷೇಧ ಬೇಕಾಯಿತೆಂಬುದನ್ನೂ ಮರೆಯಬಾರದು.

ಒಂದು ವಿಷಯದಲ್ಲಿ ನಮ್ಮ ಹಳ್ಳಿಯ ಹೆಣ್ಣು ಕಾರ್ನ್‌ವಾಲಿನವಳಿಗಿಂತ ವಾಸಿ. ಉಡಿಕೆ, ಕೂಡಿಕೆ, ಸೀರುಡಿಕೆಯೆಂದು ಬೇರೆ ಬೇರೆ ಸೀಮೆಗಳಲ್ಲಿ ಕರೆಯುವ ಮರುಮದುವೆಯ ರೂಢಿ ನಮ್ಮ ಅನೇಕ ಸಮುದಾಯಗಳಲ್ಲಿತ್ತು. ಗಂಡ ಸತ್ತವಳು, ಬಹಳ ಕಡೆ ಗಂಡನನ್ನು ಬಿಟ್ಟವಳೂ, ಪಂಚರ ಸಮ್ಮುಖದಲ್ಲಿ ಹೊಸ ಸೀರೆಯುಟ್ಟು ಮತ್ತೊಂದು ಮನೆ ತುಂಬಬಹುದಾಗಿತ್ತು. ರೂಢಿಯ ವಿಚ್ಛೇದನವನ್ನು 1955ರ ಹಿಂದೂ ವಿವಾಹ ಕಾಯಿದೆಯೂ ಎತ್ತಿಹಾಕಲಿಲ್ಲ. ಕೂಡಿಕೆಯವಳನ್ನು ಮದುವೆಮನೆಯ ಮಂಗಳಕಾರ್ಯಕ್ಕೆ ಕರೆಯದಿರುವುದು, ಅವಳ ಮಕ್ಕಳನ್ನು ಬೇರೆ ಸಾಲೆಂದು ಎಣಿಸುವುದು ಇದರ ಇನ್ನೊಂದು ಮುಖ. ವಂಶಾವಳಿಯಿಂದ ಮುತ್ತಜ್ಜಿಯ ಹೆಸರು ಬಿಟ್ಟುಹೋಗುವುದು ಈ ಸಾಲಿನ ಲೆಕ್ಕದಿಂದಲೇ. ಎತ್ತಿನ ಮೇಲೆ ಬಂದು ಮನೆತನದ ಪೀಳಿಗೆಗಳನ್ನು ಓದಿ ಹೇಳುವ ಹೆಳವರ ಪರಂಪರೆ ನಮ್ಮಲ್ಲಿ ದೊಡ್ಡದು. ಆ ಓದು ಹರಿಯುವುದು ತಂದೆಯಿಂದ ಮಗನಿಗೆ. ಮಗಳು ಬಿಟ್ಟುಹೋದ ಕಡೆ, ಸೊಸೆ ಬಿಟ್ಟುಬಂದ ಕಡೆ ಮನೆಯವರೇ ಪ್ರಶ್ನೆ ಕೇಳಬೇಕು. ಹೆಸರು ಬರೆಯಿರಿ, ಬಿಟ್ಟುಬಂದ ವರ್ಷ ಗೊತ್ತಿದ್ದರೆ ಅದನ್ನೂ ಬರೆಯಿರಿ ಎಂಬುದೇ ನನ್ನ ಅಭಿಪ್ರಾಯ. ಅವಳು ಯಾಕೆ ಬಂದಳೆಂಬ ತೀರ್ಪನ್ನು ನಾಲ್ಕನೆಯ ತಲೆಮಾರಿನವರು ಕೊಡುವ ಅಗತ್ಯ ಕಾಣೆ.

ಕಾಗದವಿಲ್ಲದ ಕಡೆ ಬಾಯಿಮಾತೇ ಕಾಗದ. ಈ ಶತಮಾನದ ಆರಂಭದಲ್ಲಿ ಬೂದಿಕೋಟೆಯಲ್ಲಿಯೇ ‘ನಮ್ಮ ಧ್ವನಿ’ಯೆಂಬ ಧ್ವನಿಕೇಂದ್ರ ಹುಟ್ಟಿತು. ಹಳ್ಳಿಯವರಿಗೆ ಆಕಾಶವಾಣಿಯಂತೆ ಪ್ರಸಾರ ಮಾಡುವ ಅನುಮತಿ ಆಗ ಇಲ್ಲದ್ದರಿಂದ ಕೇಬಲ್ಲಿನ ಮೂಲಕ ಮನೆಮನೆಗೆ ಮಾತು ಮುಟ್ಟಿಸಿದರು. ಊರಿನ ಹೆಂಗಸರೇ ಮುಂದೆ ನಿಂತು ಕಾರ್ಯಕ್ರಮ ಮಾಡಿದರು. ಆ ಊರಿನವರು ಮಾಡಿದ್ದನ್ನು ಈಗ ಯಾವ ಮನೆಯಲ್ಲಾದರೂ ಮೊಮ್ಮಗಳು ಕೈಯಲ್ಲಿರುವ ಮೊಬೈಲಿನಿಂದ ಮಾಡಬಹುದು. ಅಜ್ಜಿಯನ್ನು ಕುಳ್ಳಿರಿಸಿ ತವರೂರು ಯಾವುದು, ಮದುವೆ ಯಾವ ಹಬ್ಬದ ಆಸುಪಾಸು, ಅವಳ ತಾಯಿಯ ಹೆಸರೇನು ಎಂದು ಕೇಳಬೇಕು. ಗಂಡನ ವಿಷಯ ಕಡೆಯಲ್ಲಿ.

ಇನ್ನು ಮನೆಯ ಟ್ರಂಕು. ಕ್ರಯಪತ್ರದ ಕೊನೆಯಲ್ಲಿರುವ ಹೆಬ್ಬೆಟ್ಟಿನ ಗುರುತಿನ ಪಕ್ಕದಲ್ಲಿ ಬರೆಹಗಾರನು ಇಂಥವಳ ಗುರುತೆಂದು ಹೆಸರು ಬರೆದಿರುತ್ತಾನೆ. ಮೈಸೂರು ಸಂಸ್ಥಾನವು 1933ರಲ್ಲಿ ಹಿಂದೂ ಸ್ತ್ರೀಯರ ಆಸ್ತಿಯ ಹಕ್ಕಿನ ಕಾಯಿದೆ ತಂದ ನಂತರದ ವಿಭಾಗಪತ್ರಗಳಿದ್ದರೆ ಅವನ್ನು ವಿಶೇಷವಾಗಿ ನೋಡಬೇಕು. ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅಲ್ಲಿ ದುಡಿದವರ ಮನೆಗಳಲ್ಲಿ ಭವಿಷ್ಯನಿಧಿಯ ಹಳೆಯ ಫಾರಮುಗಳಿದ್ದರೆ ಎಸೆಯಬೇಡಿ. ನಾಮಿನಿ ಎಂಬ ಕಲಮಿನೆದುರು ಅವಳ ಹೆಸರು, ಪಕ್ಕದಲ್ಲಿ ವಯಸ್ಸು ಇರುತ್ತದೆ. ಕೆಲವು ಫಾರಮುಗಳಲ್ಲಿ ಒಂದು ಹೆಸರನ್ನು ಹೊಡೆದು ಇನ್ನೊಂದನ್ನು ಬರೆದಿರುವುದೂ ಉಂಟು. ಹೊಡೆದ ಹೆಸರನ್ನೂ ಓದಿ ಬರೆದಿಟ್ಟುಕೊಳ್ಳಿ.