ಗುರುಪೀಠಕ್ಕೂ ಅನ್ವಯಿಸಬೇಕಾದ ನಿಯಮ

ಅಮೆರಿಕದ ಉತ್ತರ ಕೆರೊಲಿನಾ ಸಂಸ್ಥಾನದ ಡ್ಯೂಕ್ ವಿಶ್ವವಿದ್ಯಾನಿಲಯಕ್ಕೆ ಸೇರಿದ ಫುಕ್ವಾ ವ್ಯವಹಾರಾಧ್ಯಯನ ಶಾಲೆಯಲ್ಲಿ, ಮನೆಗೆ ಕೊಂಡೊಯ್ದು ತಾವೊಬ್ಬರೇ ಕುಳಿತು ಬರೆಯತಕ್ಕ ಪರೀಕ್ಷೆಯನ್ನು ಪರಸ್ಪರ ಕೂಡಿ ಬರೆದರೆಂಬ ಆಪಾದನೆಯ ಮೇಲೆ, ಎಂ.ಬಿ.ಎ. ಪ್ರಥಮ ವರ್ಷದ 34 ವಿದ್ಯಾರ್ಥಿಗಳು 2007ರಲ್ಲಿ ತಪ್ಪಿತಸ್ಥರೆಂದು ನಿರ್ಣೀತರಾದರು. ಅವರಲ್ಲಿ 9 ಮಂದಿಗೆ ಉಚ್ಚಾಟನೆಯೂ 15 ಮಂದಿಗೆ ಒಂದು ವರ್ಷದ ಅಮಾನತೂ ವಿಧಿಸಲ್ಪಟ್ಟವು. ಏಷ್ಯಾದಿಂದ ಹೋದ ಕೆಲವರ ಪರವಾಗಿ ಆಗ ಹೂಡಲಾದ ವಾದ ಇಂದಿಗೂ ಸತ್ತಿಲ್ಲ: ಬೇರೊಂದು ಸಂಸ್ಕೃತಿಯಲ್ಲಿ ಬೆಳೆದುಬಂದ ಆ ತರುಣರಿಗೆ ಅಲ್ಲಿಯ ನಡತೆಯ ಸಂಹಿತೆಯ ಮರ್ಮ ತಿಳಿದಿರಲಿಲ್ಲವೆಂಬುದೇ ಆ ವಾದ.

ದಯೆಯ ವೇಷ ತೊಟ್ಟು ಬಂದ ಈ ವಾದವು ವಾಸ್ತವದಲ್ಲಿ ಒಂದು ಅವಮಾನ. ಪರರ ಉತ್ತರವನ್ನು ತನ್ನದೆಂದು ಒಪ್ಪಿಸುವುದು ಅಧರ್ಮವೆಂಬ ಅರಿವು ಪಶ್ಚಿಮದ ಸ್ವತ್ತಲ್ಲ. ನಮ್ಮ ಹಳ್ಳಿಯ ಶಾಲೆಯ ಬಾಲಕನಿಗೂ ಅದು ತಿಳಿದಿರುತ್ತದೆ. ಅಮೆರಿಕ ಮತ್ತು ಕೆನಡಾಗಳ 32 ವಿದ್ಯಾಸಂಸ್ಥೆಗಳ ಐದು ಸಾವಿರಕ್ಕೂ ಮಿಕ್ಕ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ವಿಚಾರಿಸಿ 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹಿಂದಿನ ಒಂದು ವರ್ಷದಲ್ಲಿ ವಂಚಿಸಿದ್ದುಂಟೆಂದು ಒಪ್ಪಿಕೊಂಡವರು ವ್ಯವಹಾರಶಾಸ್ತ್ರದಲ್ಲಿ ನೂರಕ್ಕೆ 56, ಇತರ ಶಾಸ್ತ್ರಗಳಲ್ಲಿ ನೂರಕ್ಕೆ 47. ಅವರೆಲ್ಲರೂ ಪೂರ್ವದಿಂದ ಬಂದವರೆಂದು ಹೇಳುವ ಧೈರ್ಯ ಯಾರಿಗಿದೆ? ಗುಂಪುಗೂಡಿ ಓದುವುದೆಲ್ಲಿ ಮುಗಿಯುತ್ತದೆ, ಗುಂಪುಗೂಡಿ ಬರೆಯುವ ತಪ್ಪು ಎಲ್ಲಿ ತೊಡಗುತ್ತದೆ ಎಂಬುದನ್ನು ಬೋಧಕರು ಸ್ಪಷ್ಟಪಡಿಸಬೇಕೆಂಬುದು ನ್ಯಾಯವೇ ಸರಿ. ಆದರೆ ಆ ಸ್ಪಷ್ಟನೆಯ ಅವಶ್ಯಕತೆ ಎಲ್ಲ ದೇಶಗಳ ವಿದ್ಯಾರ್ಥಿಗಳಿಗೂ ಸಮಾನವಾದುದು. ಆದುದರಿಂದ ಡ್ಯೂಕಿನ ಶಿಕ್ಷೆಯನ್ನು ನಾನು ಆಕ್ಷೇಪಿಸಲಾರೆ.

ನನ್ನ ಆಕ್ಷೇಪಣೆ ಬೇರೆಡೆ ಇದೆ. ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾನಿಲಯದ ಫಾಕ್ಸ್ ವ್ಯವಹಾರ ಶಾಲೆಯ ಆನ್‌ಲೈನ್ ಎಂ.ಬಿ.ಎ. ಶಿಕ್ಷಣಕ್ರಮವು 2015ರಿಂದ 2018ರವರೆಗೆ ಸತತವಾಗಿ ದೇಶದಲ್ಲೇ ಪ್ರಥಮ ಸ್ಥಾನವನ್ನು ಅಲಂಕರಿಸಿತ್ತು; ಆ ಸ್ಥಾನವು ಸುಳ್ಳು ಅಂಕಿಅಂಶಗಳನ್ನು ಒದಗಿಸಿ ಸಂಪಾದಿಸಿದುದೆಂದು ಬಳಿಕ ಬಯಲಾಗಿ, ಶಾಲೆಯ ಮಾಜಿ ಡೀನ್ ಮೋಶೆ ಪೋರಾಟರು 2021ರಲ್ಲಿ ವಂಚನೆಯ ಅಪರಾಧಿಯೆಂದು ತೀರ್ಮಾನಿತರಾಗಿ, ಮರುವರ್ಷ 14 ತಿಂಗಳ ಕಾರಾಗೃಹವಾಸಕ್ಕೆ ಗುರಿಯಾದರು. ಪರೀಕ್ಷೆಯಲ್ಲಿ ಅಂಕ ಕದಿಯುವ ವಿದ್ಯಾರ್ಥಿಗೂ ಶ್ರೇಯಾಂಕ ಕದಿಯುವ ಗುರುಪೀಠಕ್ಕೂ ಅಂತರವೇನು? ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆ ಇಂಥ ಸಂದರ್ಭಕ್ಕೆಂದೇ ಹುಟ್ಟಿದಂತಿದೆ.

2008ರ ಆರ್ಥಿಕ ಪತನದ ಬೆನ್ನಲ್ಲೇ, 2009ರಲ್ಲಿ, ಹಾರ್ವರ್ಡಿನ ವಿದ್ಯಾರ್ಥಿಗಳು, ವೃತ್ತಿಯಲ್ಲಿ ಪ್ರಾಮಾಣಿಕರಾಗಿ ನಡೆಯುವೆವೆಂಬ ಎಂ.ಬಿ.ಎ. ಪ್ರತಿಜ್ಞೆಯನ್ನು ರಚಿಸಿಕೊಂಡರು; ಅವರ ಆಶಯ ಶ್ಲಾಘ್ಯವಾದುದೇ. ಆದರೆ ಪ್ರತಿಜ್ಞಾಪತ್ರಕ್ಕೆ ರುಜು ಮಾಡಿಸಿದೊಡನೆ ಶೀಲ ನಿರ್ಮಾಣವಾಯಿತೆಂದು ಸಂಸ್ಥೆಗಳು ನಂಬುವುದಾದರೆ ಅದು ಭ್ರಮೆ. ನಮೂನೆಯ ಅಂತ್ಯದಲ್ಲಿ ಮಾಡುವ ರುಜುವಿಗಿಂತ ಆರಂಭದಲ್ಲಿ ಮಾಡುವ ರುಜು ಪ್ರಾಮಾಣಿಕತೆಯನ್ನು ಹೆಚ್ಚಿಸುತ್ತದೆಂದು ಸಾರಿದ 2012ರ ಪ್ರಸಿದ್ಧ ಪ್ರಬಂಧವೊಂದು, ಅದರೊಳಗಿನ ಪ್ರಯೋಗವೊಂದರ ಅಂಕಿಅಂಶಗಳೇ ಕಲ್ಪಿತವೆಂಬುದಕ್ಕೆ ಸಾಕ್ಷ್ಯ ದೊರೆತುದರಿಂದ, 2021ರಲ್ಲಿ ಹಿಂತೆಗೆಯಲ್ಪಟ್ಟಿತು. ಪ್ರಾಮಾಣಿಕತೆಯನ್ನು ಕುರಿತ ಸಂಶೋಧನೆಗೇ ಒದಗಿದ ಗತಿ ಇದು!

ಲಾಭವೇ ಪರಮಾರ್ಥವೆಂದು ಎರಡು ವರ್ಷ ಬೋಧಿಸಿ, ಪದವೀಧರರ ವೇತನವನ್ನೇ ತನ್ನ ಹಿರಿಮೆಯ ಮಾನದಂಡವೆಂದು ಜಾಹೀರುಪಡಿಸಿ, ಪ್ರವೇಶದ ದಿನ ಮಾತ್ರ ಮೌಲ್ಯಗಳ ಪುಸ್ತಿಕೆಯನ್ನು ಕೈಗಿಡುವ ಸಂಸ್ಥೆಗೆ ಶಿಕ್ಷಿಸುವ ಅಧಿಕಾರವಿರಬಹುದು, ನೈತಿಕ ಅರ್ಹತೆಯಿಲ್ಲ. ಆ ಅರ್ಹತೆಯನ್ನು ಗಳಿಸುವ ಮಾರ್ಗ ದುರ್ಗಮವಾದುದೇನಲ್ಲ. ವೇತನ ಮತ್ತು ಶ್ರೇಯಾಂಕಗಳಿಗೆ ಒದಗಿಸುವ ಅಂಕಿಅಂಶಗಳನ್ನು ಹೊರಗಿನ ಲೆಕ್ಕಪರಿಶೋಧಕರು ಪರೀಕ್ಷಿಸಲಿ. ಅಧ್ಯಾಪಕರ ನಡತೆಯನ್ನು ವಿಚಾರಿಸುವ ಸಮಿತಿಯಲ್ಲಿ ವಿದ್ಯಾರ್ಥಿಗಳಿಗೂ ಸ್ಥಾನವಿರಲಿ. ಶಿಕ್ಷೆಯ ನಿರ್ಣಯಗಳು, ಹೆಸರುಗಳನ್ನು ಮರೆಮಾಡಿ, ಪ್ರತಿವರ್ಷವೂ ಪ್ರಕಟವಾಗಲಿ.

ಮನೆಮಾರುಗಳನ್ನು ಒತ್ತೆಯಿಟ್ಟು ಮಕ್ಕಳನ್ನು ಪರದೇಶದ ಇಂಥ ಶಾಲೆಗಳಿಗೆ ಕಳುಹಿಸುವ ನಮ್ಮ ತಂದೆತಾಯಿಗಳು, ಪದವಿ ಮುಗಿದ ಮೇಲೆ ದೊರೆಯುವ ಸಂಬಳವೆಷ್ಟೆಂದು ಕೇಳುವುದಕ್ಕೆ ಮೊದಲು, ಮಗನು ತಪ್ಪಿದರೆ ಅನ್ವಯಿಸುವ ನಿಯಮವು ಡೀನರು ತಪ್ಪಿದರೂ ಅನ್ವಯಿಸುವುದೇ ಎಂದು ಕೇಳಲಿ. ಹೌದೆನ್ನಲು ತಡವರಿಸುವ ಸಂಸ್ಥೆ ಎಷ್ಟೇ ಖ್ಯಾತವಾಗಿರಲಿ, ಅದು ವಿದ್ಯಾಲಯವೆಂಬ ಹೆಸರಿಗೆ ತಕ್ಕುದಲ್ಲ.