ಬಾಟ್ಲಿ ಏರಿಸಿದರೆ ಬಲ ಬಂತೆ?

ಕಂಪ್ಲಿ: ಬಿಸಿಲು ಏರಿ ಗದ್ದೆ ಕೆಲಸವೂ ಜೋರಾದ ದಿನಗಳಲ್ಲಿ ಊರಿನ ಕ್ಲಿನಿಕ್ಕುಗಳ ಬೆಂಚಿನ ಮೇಲೆ ಕೇಳುವ ಮಾತು ಒಂದೇ. "ಸುಸ್ತಾಗೈತಿ ಸಾರ್, ಒಂದ್ ಬಾಟ್ಲಿ ಹಾಕಿಬಿಡ್ರಿ." ಗುಳಿಗೆ ಬರೆದು ಕಳಿಸಿದ ಡಾಕ್ಟರಿಗೆ ಏನೂ ಬರಲ್ಲ, ಬಾಟ್ಲಿ ತೂಗುಹಾಕಿದವನೇ ಧನ್ವಂತರಿ! ಕೂಲಿ ದುಡ್ಡು ಅಲ್ಲೇ ಸುರಿದು ಬಸ್ಸು ಹತ್ತುವವರೇ ಹೆಚ್ಚು.

ಆ ಬಾಟ್ಲಿಯಲ್ಲಿ ಇರುವುದೇನು? ಅಂಗಡಿ ಲೆಕ್ಕದಲ್ಲೇ ನೋಡಿ. ಶೇ. 5ರ ಗ್ಲೂಕೋಸಿನ 500 ಮಿ.ಲೀ. ಬಾಟ್ಲಿಯಲ್ಲಿ ಸಕ್ಕರೆ 25 ಗ್ರಾಂ, ಅಂದರೆ ಟೀ ಚಮಚದಲ್ಲಿ ಐದಾರು. ಸಲೈನಾದರೆ ಉಪ್ಪು ನಾಲ್ಕೂವರೆ ಗ್ರಾಂ. ಉಳಿದದ್ದು ನೀರು. ಬಾಯಲ್ಲಿ ನೀರು ಇಳಿಯುವವನಿಗೆ ಇದನ್ನು ಸೂಜಿಯಲ್ಲಿ ಏರಿಸುವುದು ಬರೀ ದಂಡ.

ಹಾಗಂತ ಬಾಟ್ಲಿ ಬೇಡವೇ ಬೇಡ ಎಂದಲ್ಲ. ವಾಂತಿಭೇದಿಯಾಗಿ ಕಣ್ಣು ಗುಳಿಬಿದ್ದು, ನಾಡಿ ಸಿಕ್ಕದೆ, ಮಂಪರು ಕವಿದವನಿಗೆ ಅದೇ ಜೀವ. ಆದರೆ ಆಗ ಬಾಟ್ಲಿಯ ಪಕ್ಕ ಒಬ್ಬ ನರ್ಸಮ್ಮ ಬೇಕು. ಭೇದಿಯಲ್ಲಿ ನೀರಷ್ಟೇ ಹೋಗುವುದಿಲ್ಲ. ಸೋಡಿಯಂ, ಪೊಟ್ಯಾಸಿಯಂ, ಕ್ಷಾರ ಎಲ್ಲವೂ ಹೋಗುತ್ತವೆ. ಪೊಟ್ಯಾಸಿಯಂ ಇಳಿದರೆ ಕೈಕಾಲು ಸೋಲುತ್ತವೆ, ಹೊಟ್ಟೆ ಉಬ್ಬರಿಸುತ್ತೆ, ಎದೆಬಡಿತ ತಪ್ಪುತ್ತೆ. ಕ್ಷಾರ ಹೋಗಿ ರಕ್ತದಲ್ಲಿ ಆಮ್ಲ ಏರಿದರೆ ಉಸಿರು ಆಳವಾಗಿ, ಜೋರಾಗಿ ಬರುತ್ತೆ. ಮನೆಯವರು ದಮ್ಮು ಅಂದುಕೊಂಡು ಸುಮ್ಮನಿರುತ್ತಾರೆ. ಗಡಿಯಾರ ಹಿಡಿದು ಉಸಿರು ಎಣಿಸುವ ನರ್ಸಿಗೆ ಅನುಮಾನ ಬರುತ್ತೆ, ಆಕೆ ಡಾಕ್ಟರನ್ನು ಕೂಗುತ್ತಾಳೆ. ಒಳಗೆ ಹೋದದ್ದೆಷ್ಟು, ಮೂತ್ರ, ವಾಂತಿ, ಭೇದಿಯಲ್ಲಿ ಹೊರಬಂದದ್ದೆಷ್ಟು ಎಂದು ಜಮಾ-ಖರ್ಚು ಬರೆದಿಡುವವಳೂ ಅವಳೇ.

ಹನಿಯ ಲೆಕ್ಕವೂ ಉಂಟು. ಎಷ್ಟು ಬೇಗ ಏರಿಸಬೇಕೆಂದು ಡಾಕ್ಟರು ಹೇಳುತ್ತಾರೆ. 500 ಮಿ.ಲೀ. ನಾಲ್ಕು ತಾಸಿನಲ್ಲಿ ಅಂದರೆ, ಮಿಲಿಲೀಟರಿಗೆ 20 ಹನಿ ಬೀಳುವ ಸೆಟ್ಟಿನಲ್ಲಿ ನಿಮಿಷಕ್ಕೆ ಸುಮಾರು 42 ಹನಿ. ಆದರೆ, "ಗಂಗಾವತಿ ಬಸ್ ಹೋಗ್ತೈತಿ ಸಿಸ್ಟರ್, ಸ್ವಲ್ಪ ಜೋರ್ ಬಿಡ್ರಿ!" ಸಿಸ್ಟರ್ ಆ ಕಡೆ ತಿರುಗಿದರೆ ಜೊತೆಗೆ ಬಂದವರೇ ಚಕ್ರ ತಿರುಗಿಸುತ್ತಾರೆ. ಹೃದಯ, ಕಿಡ್ನಿ ಸೋತ ಮುದುಕರಿಗೆ ಹೀಗೆ ನೀರು ನುಗ್ಗಿದರೆ ಶ್ವಾಸಕೋಶದಲ್ಲಿ ನಿಂತು ಉಸಿರೇ ಕಟ್ಟುತ್ತೆ.

ಇನ್ನು ಬಾಟ್ಲಿಯೊಳಗಿನದೇ ಕೆಟ್ಟಿದ್ದರೆ? 2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರಲ್ಲಿ ಐವರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಸಂಶಯ ಬಿದ್ದದ್ದು ರಿಂಗರ್ ಲ್ಯಾಕ್ಟೇಟ್ ಎಂಬ ಇಂಥದೇ ದ್ರಾವಣದ ಮೇಲೆ. ಸರ್ಕಾರ ರಾಜ್ಯದ ಔಷಧ ನಿಯಂತ್ರಕರನ್ನೇ ಅಮಾನತು ಮಾಡಿತು. ಅಷ್ಟಾದ ಮೇಲೂ ನಮ್ಮ ಜನ ಸುಸ್ತಿಗೆಲ್ಲ ಬಾಟ್ಲಿ ಕೇಳುವುದು ಬಿಟ್ಟಿಲ್ಲ.

ಬಾಟ್ಲಿ ಸಾಲದೆ ಹೋದಾಗ ಏನು ಮಾಡಬಹುದೆಂದು 1971ರಲ್ಲೇ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರ ತೋರಿಸಿದೆ. ಅಲ್ಲಿ ಕಾಲರಾ ಹಬ್ಬಿತ್ತು. ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸು, ಅಡಿಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ಮನೆಯವರ ಕೈಯಿಂದಲೇ ರೋಗಿಗಳಿಗೆ ಕುಡಿಸಿದರು. ಶೇ. 30ರ ಸುಮಾರಿಗಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. ಅವರಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ಸತ್ತ ಮೇಲೆ! ಇವತ್ತು ಆಶಾ ಕಾರ್ಯಕರ್ತೆ ಪುಕ್ಕಟೆ ಕೊಡುವ ಓಆರ್‌ಎಸ್ ಪೊಟ್ಟಣ ಆ ನೀರಿನದೇ ವಂಶ. ದೊಡ್ಡ ಪೊಟ್ಟಣವಾದರೆ ಪೂರಾ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಹಾಕಬೇಕು. ಲೋಟಕ್ಕೆ ಚಿಟಿಕೆ ಉದುರಿಸುವುದಲ್ಲ. ಮಗು ವಾಂತಿ ಮಾಡಿಕೊಂಡರೆ ಹತ್ತು ನಿಮಿಷ ತಡೆದು ಮತ್ತೆ ಚಮಚದಲ್ಲಿ ಕುಡಿಸಬೇಕು. ಕಲಸಿದ್ದು ಒಂದು ದಿನ ಮೀರಿದರೆ ಚೆಲ್ಲಿ.

ಪೇಟೆಯ ಅಂಗಡಿಯವರೂ ಒಂದು ಮಾತು ಕೇಳಬೇಕು. ಓಆರ್‌ಎಸ್ ಎಂದು ಹೆಸರು ಹಾಕಿಕೊಂಡು ಬರುತ್ತಿದ್ದ ಸಕ್ಕರೆ ಪಾನಕದ ಡಬ್ಬಿಗಳಿಗೆ ಆ ಹೆಸರು ಬಳಸಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆಜ್ಞೆ ಮಾಡಿದೆ. ಸಕ್ಕರೆ ಹೆಚ್ಚಾದರೆ ಭೇದಿ ನಿಲ್ಲುವ ಬದಲು ಹೆಚ್ಚುತ್ತೆ. ಹಳೇ ಸ್ಟಾಕು ಖಾಲಿಯಾಗಲಿ ಅಂತ ಪಕ್ಕದ ಮನೆಯ ಕೂಸಿಗೆ ಕೊಡುವವರು ಎದೆ ಮುಟ್ಟಿಕೊಂಡು ನೋಡಲಿ.

ಆರೋಗ್ಯ ಇಲಾಖೆಯವರು ಹೊಸ ಕಟ್ಟಡ, ಹೊಸ ಮಂಚದ ಮಾತಾಡುವ ಮುಂಚೆ, ರಾತ್ರಿ ಪಾಳಿಯಲ್ಲಿ ಒಬ್ಬ ನರ್ಸಿಗೆ ಎಷ್ಟು ಬಾಟ್ಲಿ ಎಂಬುದನ್ನು ವಾರ್ಡಿನ ಬಾಗಿಲಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿ ಹಾಕಲಿ. ಬಾಟ್ಲಿ ಬೇಕೆಂದು ಹಟ ಹಿಡಿಯುವವರೂ ಅದನ್ನು ಓದಿಕೊಂಡೇ ಒಳಗೆ ಹೋಗಲಿ.