ಮಿಷನರಿಯ ಮನೆವಾರ್ತೆ

ಕಿಟೆಲ್ಲರ ಹೆಸರನ್ನು ಕೇಳದ ಕನ್ನಡ ವಿದ್ಯಾರ್ಥಿ ವಿರಳ. ೧೮೯೪ರಲ್ಲಿ ಪ್ರಕಟವಾದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು ಎಪ್ಪತ್ತು ಸಾವಿರ ಶಬ್ದಗಳಿವೆ. ಹಾಗೆಯೇ ೧೮೪೩ರ ಜುಲೈ ೧ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗರನ್ನು ನಾವು ಪ್ರತಿ ವರ್ಷ ಪತ್ರಿಕಾ ದಿನದಂದು ನೆನೆಯುತ್ತೇವೆ. ಇಬ್ಬರೂ ಜರ್ಮನಿಯಲ್ಲಿ ಹುಟ್ಟಿದವರು. ಇಬ್ಬರೂ ಬಾಸೆಲ್ ಮಿಷನ್ನಿನ ಪಾದ್ರಿಗಳು. ಇಬ್ಬರೂ ತಮ್ಮ ಬಾಳಿನ ಕೆಲವು ವರ್ಷಗಳನ್ನು ಕೊಡಗಿನ ಮಲೆಯಲ್ಲಿ ಕಳೆದವರು. ಇಂಥವರನ್ನು ಕುರಿತ ಸಭೆಗಳಲ್ಲಿ, ಮನೆಮಠ ಬಿಟ್ಟು ಬಂದು ಕನ್ನಡಕ್ಕಾಗಿ ದುಡಿದ ತ್ಯಾಗಜೀವಿಗಳು ಎಂಬ ಮಾತು ತಪ್ಪದೆ ಬರುತ್ತದೆ. ಆ ಮಾತು ಸುಳ್ಳಲ್ಲ. ಆದರೆ ಅವರ ಮನೆಯಲ್ಲಿ ಯಾರಿದ್ದರು, ಅವರ ಗತಿ ಏನಾಯಿತು ಎಂದು ನಾವು ಕೇಳುವುದಿಲ್ಲ. ಕೇಳಬೇಕೆಂಬುದೇ ಈ ಲೇಖನದ ಉದ್ದೇಶ.

ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನವಳಾದ ನನಗೆ ಕೊಡಗಿನ ಮಿಷನರಿಗಳ ಗೊಡವೆ ಏಕೆಂದು ವಾಚಕರು ಕೇಳಬಹುದು. ನಮ್ಮದು ವರ್ಷಕ್ಕೆ ಆರುನೂರು ಮಿಲಿಮೀಟರ್ ಮಳೆ ಬಿದ್ದರೆ ಪುಣ್ಯವೆನ್ನುವ ಸೀಮೆ. ನನ್ನ ತಂದೆತಾಯಿಗಳಿಬ್ಬರೂ ಸರ್ಕಾರಿ ಶಾಲೆಯ ಶಿಕ್ಷಕರು. ಇಬ್ಬರಿಗೂ ಕೊಡಗು ಜಿಲ್ಲೆಯಲ್ಲಿ ನೇಮಕವಾಯಿತು. ಅಲ್ಲಿಯ ಮಳೆಗಾಲ ನನ್ನ ತಮ್ಮನಿಗೆ ಒಗ್ಗಲಿಲ್ಲ. ಉಬ್ಬಸ ಬಂದು ರಾತ್ರಿಯೆಲ್ಲ ಕುಳಿತೇ ಇರುತ್ತಿದ್ದ. ವೈದ್ಯರು ಒಣಹವೆಯ ಊರಿಗೆ ಕಳುಹಿಸಿರೆಂದರು. ಹೀಗಾಗಿ ನಾವಿಬ್ಬರೂ ಅಜ್ಜಿಯ ಮನೆಯಲ್ಲಿ ಬೆಳೆದೆವು. ತಂದೆತಾಯಿಗಳು ದಸರೆಗೂ ಬೇಸಿಗೆಗೂ ಬರುತ್ತಿದ್ದರು. ಒಂದು ಬೇಸಿಗೆಯಲ್ಲಿ ಅವ್ವ ಬಂದ ಮೂರನೆಯ ದಿನ ತಮ್ಮ ಅಜ್ಜಿಯ ಸೆರಗು ಹಿಡಿದು, “ಈ ಅವ್ವ ಯಾವಾಗ ಹೋಗ್ತಾಳ?” ಎಂದು ಕೇಳಿದ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕೇಳಿಸಿತೋ ಇಲ್ಲವೋ ಎಂದು ನಾನು ಈವರೆಗೂ ಕೇಳಿಲ್ಲ.

ಕಳೆದ ವರ್ಷ ಮಡಿಕೇರಿಯಲ್ಲಿ ಅವರೊಂದಿಗೆ ಒಂದು ತಿಂಗಳು ಇದ್ದೆ. ಸುಮಾರು ಮೂರು ಸಾವಿರದ ಎಂಟುನೂರು ಅಡಿ ಎತ್ತರದ ಆ ಊರಿನಲ್ಲಿ ಮಂಜು ಕವಿದರೆ ಎದುರು ಮನೆ ಕಾಣದು. ಒಗೆದ ಬಟ್ಟೆ ನಾಲ್ಕು ದಿನವಾದರೂ ಆರದು. ಇಂದು ಒಂದೇ ರಾತ್ರಿಯ ಬಸ್ಸಿನಲ್ಲಿ ನಮ್ಮ ಸೀಮೆಯಿಂದ ಅಲ್ಲಿಗೆ ತಲುಪಬಹುದು. ಬಸ್ಸಿಲ್ಲದ, ಊರಿನ ಸುದ್ದಿ ಹಡಗಿನಲ್ಲಿ ಬರಬೇಕಾಗಿದ್ದ ಕಾಲದಲ್ಲಿ ಯುರೋಪಿನ ಹೆಣ್ಣುಮಗಳೊಬ್ಬಳು ಇಲ್ಲಿ ಹೇಗೆ ಸಂಸಾರ ನಡೆಸಿದಳೆಂಬ ಯೋಚನೆ ನನಗೆ ಆಗಲೇ ಬಂದದ್ದು.

ಬಾಸೆಲ್ ಮಿಷನ್ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ೧೮೧೫ರಲ್ಲಿ ಹುಟ್ಟಿತು. ಅದರ ಮೊದಲ ಪಾದ್ರಿಗಳು ಮಂಗಳೂರಿಗೆ ಬಂದದ್ದು ೧೮೩೪ರಲ್ಲಿ. ಕೊಡಗು ಬ್ರಿಟಿಷರ ವಶವಾದದ್ದೂ ಅದೇ ವರ್ಷ. ೧೮೩೬ರಲ್ಲಿ ಬಂದ ಮೋಗ್ಲಿಂಗರು ೧೮೫೩ರಲ್ಲಿ ಘಟ್ಟ ಹತ್ತಿ ಕೊಡಗಿಗೆ ಹೋದರು. ಎರಡು ವರ್ಷದಲ್ಲಿ ಆ ನಾಡನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಅಮ್ಮತ್ತಿಯ ಬಳಿಯ ಆನಂದಪುರದಲ್ಲಿ, ಕ್ರೈಸ್ತರಾದ ದಲಿತ ಕೂಲಿಕಾರರಿಗಾಗಿ ಒಂದು ನೆಲೆಯನ್ನು ಕಟ್ಟಿದರು. ಇಷ್ಟು ಸಂಗತಿ ಅವರ ಜೀವನಚರಿತ್ರೆಯನ್ನು ಓದಿದವರಿಗೆಲ್ಲ ತಿಳಿದದ್ದೇ.

ಅವರ ಪತ್ನಿ ಪೌಲೀನ ಎಂಬಾಕೆಯ ವಿಷಯ ಎಷ್ಟು ಜನಕ್ಕೆ ಗೊತ್ತು? ಆಕೆ ವಿಧವೆಯಾಗಿದ್ದು, ಮೊದಲ ಮದುವೆಯ ಮಕ್ಕಳನ್ನು ಜರ್ಮನಿಯಲ್ಲಿ ಬಿಟ್ಟು ಮಿಷನ್ನಿನ ಹೆಣ್ಣುಮಕ್ಕಳ ಶಾಲೆಯ ಕೆಲಸಕ್ಕೆಂದು ಮಂಗಳೂರಿಗೆ ಬಂದವರು. ಬಳಿಕ ಮೋಗ್ಲಿಂಗರನ್ನು ವರಿಸಿ ಕೊಡಗಿನ ಕಾಡಿನ ಅಂಚಿನಲ್ಲಿ ಸಂಸಾರ ಹೂಡಿದವರು. ಪತ್ನಿಯ ಆರೋಗ್ಯ ಕೆಟ್ಟದ್ದರಿಂದ ೧೮೬೦ರಲ್ಲಿ ಮೋಗ್ಲಿಂಗರು ಭಾರತವನ್ನು ಬಿಟ್ಟು ಹೋದರು, ಮತ್ತೆ ಬರಲಿಲ್ಲ. ನಮ್ಮ ಲೇಖಕರು ಇದನ್ನು “ಅನಾರೋಗ್ಯದ ನಿಮಿತ್ತ ಸ್ವದೇಶಕ್ಕೆ ಮರಳಿದರು” ಎಂಬ ಒಂದು ವಾಕ್ಯದಲ್ಲಿ ಮುಗಿಸುತ್ತಾರೆ. ಯಾರ ಅನಾರೋಗ್ಯವೆಂದು ಸಹ ಹೇಳುವುದಿಲ್ಲ.

ಮಿಷನ್ನಿನ ಮನೆವಾರ್ತೆಗೆ ಅದರದೇ ಕಟ್ಟಳೆಗಳಿದ್ದವು. ಪಾದ್ರಿಯಾದವನು ಅವಿವಾಹಿತನಾಗಿ ಬರಬೇಕು. ಕೆಲವು ವರ್ಷ ದುಡಿದ ಮೇಲೆ ಬಾಸೆಲ್ಲಿನ ಸಮಿತಿಗೆ ಬರೆದು ಮದುವೆಗೆ ಅಪ್ಪಣೆ ಬೇಡಬೇಕು. ವಧುವನ್ನು ಸಮಿತಿ ಒಪ್ಪಬೇಕು. ಎಷ್ಟೋ ಮಂದಿ ವಧುಗಳು, ತಾವು ಅಷ್ಟಾಗಿ ಬಲ್ಲದ ವರನನ್ನು ಕೈಹಿಡಿಯಲು ತಿಂಗಳುಗಟ್ಟಲೆ ಹಡಗಿನಲ್ಲಿ ಬಂದರು. ಬಂದವರು ಹೆಣ್ಣುಮಕ್ಕಳಿಗೆ ಓದು ಹೇಳಿದರು, ಹೊಲಿಗೆ ಕಲಿಸಿದರು, ರೋಗಿಗಳಿಗೆ ಮದ್ದು ಕೊಟ್ಟರು. ಸಂಬಳದ ಪಟ್ಟಿಯಲ್ಲಿ ಇದ್ದದ್ದು ಗಂಡನ ಹೆಸರು ಮಾತ್ರ.

ಮಕ್ಕಳ ವಿಷಯದ ಕಟ್ಟಳೆ ಇನ್ನೂ ಕಠಿಣ. ೧೮೫೩ರಲ್ಲಿ ಸಮಿತಿಯು, ಮಿಷನರಿಗಳ ಮಕ್ಕಳು ಶಾಲೆಯ ವಯಸ್ಸಿಗೆ ಬರುತ್ತಲೇ ಯುರೋಪಿಗೆ ಹೋಗತಕ್ಕದ್ದೆಂದು ವಿಧಿಸಿ, ಅವರಿಗಾಗಿ ಬಾಸೆಲ್ಲಿನಲ್ಲಿ ಒಂದು ಮಕ್ಕಳ ಮನೆಯನ್ನು ತೆರೆಯಿತು. ಇಲ್ಲಿಯ ಹವೆಯಲ್ಲಿ ಶಿಶುಗಳು ಸಾಯುತ್ತಿದ್ದವು. ಅವರು ಬಯಸಿದ ವಿದ್ಯೆ ಇಲ್ಲಿರಲಿಲ್ಲ. ಕಾರಣಗಳು ಸಟೆಯಲ್ಲ. ಆದರೆ ಐದಾರು ವರ್ಷದ ಕೂಸು ಹಡಗು ಹತ್ತಿದರೆ ಮತ್ತೆ ತಾಯಿಯ ಮುಖ ಕಾಣುವುದು ಹತ್ತು ವರ್ಷಕ್ಕೋ ಅದಕ್ಕೂ ಮೇಲೋ. ಕೆಲವರು ಕಾಣಲೇ ಇಲ್ಲ.

ಕೊಡಗಿನಿಂದ ಘಟ್ಟವಿಳಿದರೆ ಸಿಗುವ ತಲಶ್ಶೇರಿಯಲ್ಲಿ ಮೋಗ್ಲಿಂಗರ ಆಪ್ತಮಿತ್ರ ಹರ್ಮನ್ ಗುಂಡರ್ಟರಿದ್ದರು. ಮಲಯಾಳ ನಿಘಂಟನ್ನು ರಚಿಸಿದವರು ಇವರೇ. ಇವರ ಮಗಳು ಮರೀ ೧೮೪೨ರಲ್ಲಿ ಅಲ್ಲಿ ಹುಟ್ಟಿದಳು. ಆ ಕಟ್ಟಳೆ ಹುಟ್ಟುವ ಮೊದಲೇ, ಇನ್ನೂ ಎಳೆಯ ಕೂಸಾಗಿದ್ದಾಗ, ತಂದೆತಾಯಿಗಳು ಆಕೆಯನ್ನು ಯುರೋಪಿನಲ್ಲಿ ಬಿಟ್ಟು ಬಂದರು. ೧೮೫೭ರಲ್ಲಿ, ಹದಿನೈದರ ಹುಡುಗಿಯಾಗಿ, ಆಕೆ ತಿರುಗಿ ಬಂದಾಗ ಹೆತ್ತವರನ್ನು ಹೊಸಬರಂತೆ ಪರಿಚಯ ಮಾಡಿಕೊಳ್ಳಬೇಕಾಯಿತು. ಆಕೆಯ ಪತ್ರ ಮತ್ತು ದಿನಚರಿಗಳನ್ನು ಆಕೆಯ ಮಗಳು ೧೯೩೪ರಲ್ಲಿ ಜರ್ಮನಿಯಲ್ಲಿ ಪುಸ್ತಕವಾಗಿ ಹೊರತಂದಳು. ಆಕೆಯ ಮಗನೇ ೧೯೪೬ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಹರ್ಮನ್ ಹೆಸ್ಸೆ.

ಇನ್ನು ಕಿಟೆಲ್ಲರು. ಅವರು ೧೮೬೦ರಲ್ಲಿ ಪೌಲೀನ ಐತ್ ಎಂಬಾಕೆಯನ್ನು ಮದುವೆಯಾದರು. ನಾಲ್ಕೇ ವರ್ಷದಲ್ಲಿ, ೧೮೬೪ರಲ್ಲಿ, ಆಕೆ ಚಿಕ್ಕ ಮಕ್ಕಳನ್ನು ಬಿಟ್ಟು ತೀರಿಕೊಂಡರು. ೧೮೬೭ರಲ್ಲಿ ಅವರು ಆಕೆಯ ತಂಗಿ ಜೂಲಿಯನ್ನು ವರಿಸಿದರು. ೧೮೭೦ರ ದಶಕದಲ್ಲಿ ಈ ಸಂಸಾರ ಮಡಿಕೇರಿಯಲ್ಲಿತ್ತು. ನಾಗವರ್ಮನ ಛಂದೋಗ್ರಂಥವನ್ನು ಕಿಟೆಲ್ಲರು ಸಂಪಾದಿಸಿ ಪ್ರಕಟಿಸಿದ್ದು ಆ ದಶಕದಲ್ಲಿಯೇ, ೧೮೭೫ರಲ್ಲಿ. ೧೮೮೩ರಲ್ಲಿ ನಿಘಂಟಿನ ಕೆಲಸಕ್ಕಾಗಿ ಅವರು ಜರ್ಮನಿಯಿಂದ ಮತ್ತೆ ಹೊರಟಾಗ ಹೆಂಡತಿ ಮಕ್ಕಳು ಅಲ್ಲಿಯೇ ಉಳಿದರು. ನಾವು ಇಂದು ಬಿಡಿಸಿ ನೋಡುವ ಆ ನಿಘಂಟಿಗೆ, ಗಂಡನಿಲ್ಲದೆ ಮನೆ ನಡೆಸಿದ ಒಬ್ಬ ಹೆಂಗಸಿನ ವರ್ಷಗಳೂ ಸಂದಿವೆ.

ಈ ಮಾತಿಗೆ ಇಬ್ಬರು ಎದುರಾಡಬಹುದು. ಮೊದಲನೆಯವರು, ಇಂಥ ಮಹನೀಯರ ಮನೆಯ ಕಷ್ಟವನ್ನು ಕೆದಕುವುದು ಕೃತಘ್ನತೆ ಎನ್ನುತ್ತಾರೆ. ಎರಡನೆಯವರು, ಅವರು ಬಂದದ್ದು ಮತಾಂತರಕ್ಕಾಗಿ, ಅವರ ಸಂಸಾರದ ದುಃಖ ನಮಗೇಕೆ ಎನ್ನುತ್ತಾರೆ. ಮತಪ್ರಚಾರವೇ ಅವರ ಮುಖ್ಯ ಉದ್ದೇಶವಾಗಿತ್ತೆಂಬುದನ್ನು ನಾನು ಮರೆಮಾಚುವುದಿಲ್ಲ. ಅದನ್ನು ಇಷ್ಟಪಡದವರು ಇಷ್ಟಪಡದೆ ಇರಲಿ. ಆದರೆ ಈ ಇಬ್ಬರೂ ಕಣ್ಣಿಟ್ಟಿರುವುದು ಕೆಲಸ ಮಾಡಿದ ಗಂಡಸಿನ ಮೇಲೆ ಮಾತ್ರ. ಬಾಸೆಲ್ಲಿನ ಮಕ್ಕಳ ಮನೆಯಲ್ಲಿ ಹಾಸಿಗೆಯ ಮೇಲೆ ಎದ್ದು ಕುಳಿತು ಅತ್ತ ಆರು ವರ್ಷದ ಕೂಸು ಯಾರನ್ನೂ ಮತಾಂತರ ಮಾಡಿರಲಿಲ್ಲ, ಯಾವ ನಿಘಂಟನ್ನೂ ಬರೆದಿರಲಿಲ್ಲ.

ತ್ಯಾಗವೆಂದರೆ ತನ್ನದನ್ನು ತಾನಾಗಿ ಕೊಡುವುದು. ಮೋಗ್ಲಿಂಗರು, ಕಿಟೆಲ್ಲರು ತಮ್ಮ ಊರನ್ನೂ ಸುಖವನ್ನೂ ಕೊಟ್ಟರು; ಅದು ತ್ಯಾಗ. ಅವರ ಹೆಂಡಂದಿರು ಅರ್ಧ ತಾವಾಗಿ, ಅರ್ಧ ಕಟ್ಟಳೆಗೆ ಒಳಪಟ್ಟು ಕೊಟ್ಟರು. ಮಕ್ಕಳನ್ನು ಯಾರೂ ಕೇಳಲಿಲ್ಲ. ಅವರು ಕೊಟ್ಟದ್ದನ್ನು ತಂದೆಯ ತ್ಯಾಗದೊಳಗೆ ಸೇರಿಸಿ ಎಣಿಸುವುದು ನ್ಯಾಯವಲ್ಲ. ಅದು ಮಕ್ಕಳಿಂದ ಪಡೆದ ಸಾಲ. ಸಾಲವನ್ನು ಸಾಲವೆಂದೇ ಬರೆದಿಡಬೇಕು.

ಇದು ಹಳೆಯ ಕಾಲದ ಪಾದ್ರಿಗಳ ಮಾತು ಮಾತ್ರವಲ್ಲ. ನಮ್ಮ ಮಸ್ಕಿ, ಸಿಂಧನೂರು, ಲಿಂಗಸುಗೂರಿನ ಹಳ್ಳಿಗಳಿಂದ ಸುಗ್ಗಿ ಮುಗಿಯುತ್ತಲೇ ಜನ ಬೆಂಗಳೂರಿಗೂ ಪುಣೆಗೂ ಗುಳೆ ಹೋಗುತ್ತಾರೆ. ಮಕ್ಕಳು ಮುದುಕರ ಬಳಿ ಉಳಿಯುತ್ತವೆ. ಆ ತಂದೆತಾಯಿಗಳು ಕಟ್ಟಿದ ಕಟ್ಟಡಗಳನ್ನು ನಾವು ನಾಡಿನ ಪ್ರಗತಿ ಎನ್ನುತ್ತೇವೆ. ದೂರದ ಜಿಲ್ಲೆಗಳಲ್ಲಿ ದುಡಿಯುವ ಶಿಕ್ಷಕರನ್ನು ಶಿಕ್ಷಕರ ದಿನದಂದು ಹಾರ ಹಾಕಿ ಹೊಗಳುತ್ತೇವೆ. ಅವರ ವರ್ಗಾವಣೆಯ ಅರ್ಜಿಯನ್ನು ಬಿಚ್ಚಿ ನೋಡುವಾಗ ಮಾತ್ರ ಮಕ್ಕಳು ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ಗುಳೆ ಹೋದವರ ಮಕ್ಕಳಿಗೆ ಊರಿನಲ್ಲಿಯೇ ಊಟವಸತಿ ಸಹಿತ ಶಾಲೆ, ಚಿಕ್ಕ ಮಕ್ಕಳುಳ್ಳ ನೌಕರರಿಗೆ ವರ್ಗಾವಣೆಯಲ್ಲಿ ಮೊದಲ ಸ್ಥಾನ: ಇವೆರಡು ದಯೆಯ ಮಾತಲ್ಲ, ಸಾಲ ತೀರಿಸುವ ದಾರಿ.

ನನ್ನ ತಂದೆತಾಯಿಗಳನ್ನು ನಾನು ದೂರುತ್ತಿಲ್ಲ. ಅವರ ಸಂಬಳದಿಂದಲೇ ನಾನು ಈ ಕಾಲೇಜಿನ ಮೆಟ್ಟಿಲು ಹತ್ತಿದ್ದೇನೆ. ಅವರು ಕಲಿಸಿದ ಕೊಡಗಿನ ಮಕ್ಕಳು ಮಡಿಕೇರಿಯ ಪೇಟೆಯಲ್ಲಿ ನಿಂತು ಅವರಿಗೆ ಕೈಮುಗಿದುದನ್ನು ಕಂಡು ನನಗೂ ಅಭಿಮಾನವಾಯಿತು. ಆದರೆ ಆ ರಾತ್ರಿ ಅವ್ವ ತಾನಾಗಿಯೇ, “ನಿಮ್ಮನ್ನ ಬಿಟ್ಟು ಬಂದಿದ್ದು ನಮ್ಮ ತಪ್ಪೋ ಅಲ್ಲೋ ಗೊತ್ತಿಲ್ಲವ್ವ, ಆದರ ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು” ಎಂದಳು. ಅಷ್ಟು ವರ್ಷದ ಹೊಗಳಿಕೆಗಿಂತ ಆ ಒಂದು ಮಾತು ನನಗೆ ಹೆಚ್ಚು ಸಮಾಧಾನ ಕೊಟ್ಟಿತು.

ಮುಂದೆ ಕಿಟೆಲ್ಲರ ಸ್ಮರಣೆಯ ಸಭೆ ನಡೆದಾಗ ಪೌಲೀನ, ಜೂಲಿ ಎಂಬ ಎರಡು ಹೆಸರುಗಳನ್ನೂ ಯಾರಾದರೂ ಎದ್ದು ನಿಂತು ಹೇಳಲಿ. ಅದರಿಂದ ಕಿಟೆಲ್ಲರ ಕೀರ್ತಿಗೆ ಕುಂದಿಲ್ಲ; ನಮ್ಮ ಲೆಕ್ಕ ಸರಿಯಾದೀತು.